ಟೆಸ್ಟರ್‌ನ ಮುಳ್ಳು ಹಸಿರಿಗೆ ಬಂದರೆ ವಾಲ್ವ್ ಚೆನ್ನಾಗಿದೆ ಎಂದರ್ಥವೇ?

ಹಳೆಯ ರೇಡಿಯೊ, ಆಂಪ್ಲಿಫೈಯರ್‌ಗಳ ವಾಲ್ವ್ ಮಾರುವವರು ಕಳಿಸುವ ಫೋಟೊ ಹೆಚ್ಚಾಗಿ ಒಂದೇ ಥರ ಇರುತ್ತದೆ: ಟೆಸ್ಟರ್‌ಗೆ ವಾಲ್ವ್ ಸಿಕ್ಕಿಸಿದೆ, ಮುಳ್ಳು ಹಸಿರು ಪಟ್ಟಿಯಲ್ಲಿ ನಿಂತಿದೆ, ಕೆಳಗೆ ‘ಟೆಸ್ಟೆಡ್ ಓಕೆ’ ಎಂಬ ಒಕ್ಕಣೆ. ಬೆಂಗಳೂರಿನ ಬಿಇಎಲ್ 1960ರ ದಶಕದಲ್ಲಿ ತಯಾರಿಸಿದ ವಾಲ್ವ್‌ಗಳೂ ಹೀಗೆ ಕೈ ಬದಲಾಯಿಸುವುದುಂಟು. ದುಡ್ಡು ಕೊಡುವ ಮೊದಲು ಕೇಳಬೇಕಾದ್ದು ಇಷ್ಟು: ಆ ಟೆಸ್ಟರ್ ಅಳೆದದ್ದು ಏನನ್ನು?

ವಾಲ್ವ್‌ನೊಳಗೆ ಕಾದ ಕ್ಯಾಥೋಡ್ ಎಲೆಕ್ಟ್ರಾನ್‌ಗಳನ್ನು ಹೊರಸೂಸುತ್ತದೆ, ಆನೋಡ್ ಅವನ್ನು ಸೆಳೆಯುತ್ತದೆ, ನಡುವಿನ ಗ್ರಿಡ್ ನಲ್ಲಿಯ ತಿರುಪಿನಂತೆ ಆ ಹರಿವನ್ನು ಹಿಡಿತದಲ್ಲಿಡುತ್ತದೆ. ಅಗ್ಗದ ಟೆಸ್ಟರ್‌ಗಳು ಸಾಮಾನ್ಯವಾಗಿ ‘ಎಮಿಷನ್’ ಮಾದರಿಯವು. ಅವು ಗ್ರಿಡ್‌ಗಳನ್ನು ಆನೋಡ್‌ಗೇ ಜೋಡಿಸಿ, ಒಟ್ಟು ಎಷ್ಟು ಕರೆಂಟ್ ಹರಿಯುತ್ತದೆ ಎಂದಷ್ಟೇ ನೋಡುತ್ತವೆ. ತಿರುಪನ್ನೇ ಕಳಚಿಟ್ಟು ನಲ್ಲಿ ಪರೀಕ್ಷಿಸಿದ ಹಾಗೆ! ಸತ್ತ ವಾಲ್ವ್ ಇದರಲ್ಲಿ ಸಿಕ್ಕಿಬೀಳುತ್ತದೆ, ಆದರೆ ಸಿಗ್ನಲ್ ಸರಿಯಾಗಿ ಹಿಗ್ಗಿಸದ ವಾಲ್ವ್ ಪಾಸಾಗಿಬಿಡಬಹುದು. ಅಮೆರಿಕದಲ್ಲಿ ಒಂದು ಕಾಲಕ್ಕೆ ಔಷಧಿ ಅಂಗಡಿಗಳಲ್ಲೂ ಗ್ರಾಹಕರೇ ಬಳಸುವ ಟೆಸ್ಟರ್‌ಗಳಿದ್ದವು, ಅದರ ಕೆಳಗಿನ ಕಪಾಟಿನಲ್ಲೇ ಹೊಸ ವಾಲ್ವ್‌ಗಳು ಮಾರಾಟಕ್ಕಿರುತ್ತಿದ್ದವು. ಯಂತ್ರ ಯಾರ ಪರ ಎಂದು ಬೇರೆ ಹೇಳಬೇಕೇ?

ಹೆಚ್ಚು ನಂಬಬಹುದಾದದ್ದು ‘ಮ್ಯೂಚುವಲ್ ಕಂಡಕ್ಟನ್ಸ್’ ಅಳೆಯುವ ಟೆಸ್ಟರ್. ಗ್ರಿಡ್‌ನಲ್ಲಿ 1 ವೋಲ್ಟ್ ಬದಲಾದರೆ ಆನೋಡ್ ಕರೆಂಟ್ ಎಷ್ಟು ಮಿಲಿಆಂಪಿಯರ್ ಬದಲಾಗುತ್ತದೆ ಎಂಬ ಲೆಕ್ಕ ಇದು. 250 ವೋಲ್ಟ್‌ನಲ್ಲಿ ಇಸಿಸಿ83ರ ಪ್ರತಿ ಅರ್ಧಕ್ಕೆ ಸುಮಾರು 1.6, ಇಎಲ್84ಕ್ಕೆ ಸುಮಾರು 11 ಇರಬೇಕು. ಟೆಸ್ಟರ್ ಬೇರೆ ವೋಲ್ಟೇಜ್‌ನಲ್ಲಿ ಅಳೆದರೆ ಅಂಕಿಯೂ ಬೇರೆ. ಹಾಗಾಗಿ ಬರೀ ‘98 ಪರ್ಸೆಂಟ್’ ಎಂದರೆ ಏನೂ ಹೇಳಿದಂತಾಗಲಿಲ್ಲ. ಬ್ರಿಟನ್ನಿನ ಆವೊ, ಅಮೆರಿಕದ ಹಿಕಾಕ್ ಈ ವರ್ಗದಲ್ಲಿ ಹೆಸರು ಮಾಡಿದವು.

ಲೀಕೇಜ್ ಪರೀಕ್ಷೆಯನ್ನೂ ಬಿಡಬೇಡಿ. ಒಳಗೆ ಅನಿಲ ಸೇರಿದ ಪವರ್ ವಾಲ್ವ್‌ನಲ್ಲಿ ಗ್ರಿಡ್ ಹಿಡಿತ ತಪ್ಪಿ, ಆನೋಡ್ ಕೆಂಪಗೆ ಕಾದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಗಾಜಿನ ಒಳಗಿನ ಬೆಳ್ಳಿ ಬಣ್ಣದ ಲೇಪ ಹಾಲಿನಂತೆ ಬಿಳಿಯಾಗಿದ್ದರೆ ಗಾಳಿ ಹೊಕ್ಕಿದೆ, ಅದಕ್ಕೆ ಟೆಸ್ಟರೇ ಬೇಡ. ಮಲ್ಟಿಮೀಟರ್ ಹೇಳುವುದು ಹೀಟರ್ ತಂತಿ ತುಂಡಾಗಿಲ್ಲ ಎಂದಷ್ಟೇ. ವಾಲ್ವ್ ಬೆಳಗುವುದೂ ಅದಕ್ಕಿಂತ ಹೆಚ್ಚೇನನ್ನೂ ಸಾಬೀತು ಮಾಡುವುದಿಲ್ಲ.

ಟೆಸ್ಟರ್ ಕೂಡ ವಯಸ್ಸಾದ ಯಂತ್ರವೇ. ಅದರ ರೆಸಿಸ್ಟರ್, ಕೆಪಾಸಿಟರ್‌ಗಳ ಬೆಲೆ ಜಾರಿರುತ್ತದೆ, ಸ್ವಿಚ್‌ಗಳು ಮಂಕಾಗಿರುತ್ತವೆ. ಕ್ಯಾಲಿಬ್ರೇಷನ್ ಯಾವಾಗ ಆಯಿತು ಎಂದು ಕೇಳಿ. ಬೇರೆಡೆ ಅಳೆಸಿದ ಒಂದು ವಾಲ್ವ್ ಜೊತೆಗೊಯ್ದು, ಕೆಲವು ನಿಮಿಷ ಕಾಯಿಸಿ, ಎರಡು ಮೂರು ಸಲ ಅಳೆಸಿ ನೋಡಿ. ಪ್ರತಿ ಸಲ ಬೇರೆ ಅಂಕಿ ಬಂದರೆ ಎಷ್ಟೇ ದೊಡ್ಡ ಹೆಸರಿದ್ದರೂ ಬೇಡ. ಅಮೆರಿಕದ ಟೆಸ್ಟರ್‌ಗಳು ಸುಮಾರು 115 ವೋಲ್ಟ್‌ನವು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟ್‌ಗೆ ಚುಚ್ಚಿದರೆ ಸುಡುತ್ತವೆ.

ಹಳೆಯ ರೇಡಿಯೊದಲ್ಲಿ ಕೋಟಿ ಬೆಲೆಯ ‘ಕೆಂಪು ಪಾದರಸ’ ಇದೆ ಎಂಬ ಫಾರ್ವರ್ಡ್ ಶುದ್ಧ ಸುಳ್ಳು. ಆದರೆ ಹಿಕಾಕ್‌ನ ಹಲವು ಟೆಸ್ಟರ್‌ಗಳೊಳಗಿನ 83 ಎಂಬ ರೆಕ್ಟಿಫೈಯರ್ ವಾಲ್ವ್‌ನಲ್ಲಿ ಮಾಮೂಲಿ ಪಾದರಸ ನಿಜಕ್ಕೂ ಇದೆ. ಅದು ವಿಷ, ಒಡೆಯದಂತೆ ಸಾಗಿಸಿ.

ಮನೆಯಲ್ಲಿರುವುದು ಅಜ್ಜನ ಕಾಲದ ಒಂದೇ ರೇಡಿಯೊ ಆದರೆ ಟೆಸ್ಟರ್‌ಗೆ ಹಣ ಹಾಕುವ ಅಗತ್ಯವಿಲ್ಲ. ವಾಲ್ವ್ ಕೆಲಸ ಬಲ್ಲ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ನೀವೇ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ 200 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು.