ಹುಲ್ಲು ಕತ್ತರಿಸುವ ಯಂತ್ರವೂ ಕಲಾ ವಿದ್ಯಾರ್ಥಿಯೂ

ಯಂತ್ರಗಳ ಮಾತು ಬಂದೊಡನೆ ಕಲಾ ವಿಭಾಗದ ವಿದ್ಯಾರ್ಥಿಗಳು "ಅದು ನಮ್ಮ ಪಾಲಿನದಲ್ಲ" ಎಂದು ಕೈ ತೊಳೆದುಕೊಳ್ಳುವುದು ವಾಡಿಕೆಯಾಗಿದೆ. ಇತಿಹಾಸ, ತರ್ಕ, ಅರ್ಥಶಾಸ್ತ್ರ, ಸಾಹಿತ್ಯ ಇವು ತಲೆಯ ಕೆಲಸ. ಎಂಜಿನ್ನು, ಪ್ಲಗ್ಗು, ಸ್ಪ್ಯಾನರು ಇವು ಕೈಯ ಕೆಲಸ. ತಲೆಯವರು ಬೇರೆ, ಕೈಯವರು ಬೇರೆ ಎಂಬುದು ಈ ವಾಡಿಕೆಯ ಅಂತರಾರ್ಥ. ಈ ವಿಭಜನೆ ಸುಳ್ಳು ಮಾತ್ರವಲ್ಲ, ನಮ್ಮ ಸಮಾಜಕ್ಕೆ ಬಹಳ ದುಬಾರಿಯಾಗಿ ಪರಿಣಮಿಸಿದೆ ಎಂಬುದೇ ಈ ಲೇಖನದ ವಾದ. ದೊಡ್ಡ ಮಾತಿಗೆ ಸಣ್ಣ ಉದಾಹರಣೆ ಒಳ್ಳೆಯದು. ಆದುದರಿಂದ, ಎಷ್ಟು ಎಳೆದರೂ ಸ್ಟಾರ್ಟ್ ಆಗದ ಹಳೆಯ ಪೆಟ್ರೋಲ್ ಹುಲ್ಲುಯಂತ್ರವೊಂದನ್ನು ವಾಚಕರ ಮುಂದೆ ತಂದು ನಿಲ್ಲಿಸುತ್ತೇನೆ.

ಈ ಯಂತ್ರದ ಪೂರ್ವೋತ್ತರ ಸ್ವಾರಸ್ಯವಾದುದು. ಇಂಗ್ಲೆಂಡಿನ ಸ್ಟ್ರೌಡ್ ಎಂಬ ಊರಿನ ಎಡ್ವಿನ್ ಬಡ್ಡಿಂಗ್ ಎಂಬಾತ 1830ರಲ್ಲಿ ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದ. ಅವನಿಗೆ ಇದು ಹೊಳೆದದ್ದು ತೋಟದಲ್ಲಲ್ಲ. ಬಟ್ಟೆಯ ಗಿರಣಿಯಲ್ಲಿ ಉಣ್ಣೆಯ ಬಟ್ಟೆಯ ಮೇಲಿನ ನವಿರನ್ನು ಸವರುವ ಯಂತ್ರವನ್ನು ನೋಡಿ. 1876ರಲ್ಲಿ ಜರ್ಮನಿಯ ನಿಕೊಲಾಸ್ ಆಟೊ ನಾಲ್ಕು ಹೊಡೆತದ ಎಂಜಿನ್ನನ್ನು ಸಿದ್ಧಪಡಿಸಿದ. ಇಪ್ಪತ್ತನೆಯ ಶತಮಾನದ ಮೊದಲಿಗೆ ಇವೆರಡೂ ಕೂಡಿ ಪೆಟ್ರೋಲ್ ಹುಲ್ಲುಯಂತ್ರವಾಯಿತು. ಒಬ್ಬ ಬಟ್ಟೆಯನ್ನು ನೋಡುತ್ತ ಹುಲ್ಲನ್ನು ನೆನೆದ ಎಂಬುದನ್ನು ಗಮನಿಸಬೇಕು. ಕಣ್ಣು, ಕೈ, ತಲೆ ಮೂರೂ ಒಂದೇ ಮನುಷ್ಯನಲ್ಲಿ ಕೂಡಿದಾಗ ಹೊಸತು ಹುಟ್ಟುತ್ತದೆ.

ಸೋಸಲೆ, ಬನ್ನೂರು, ತಲಕಾಡುಗಳ ಕಡೆ ಹುಲ್ಲುಹಾಸಿಗಿಂತ ಬದುವಿನ ಹುಲ್ಲೇ ಹೆಚ್ಚು. ಅದು ದನದ ಬಾಯಿಗೆ ಸಲ್ಲಬೇಕಾದದ್ದು, ಅದಕ್ಕೆ ಕುಡುಗೋಲು ಸಾಕು ಎಂದು ಯಾರಾದರೂ ಆಕ್ಷೇಪಿಸಬಹುದು. ನಿಜವೇ. ಆದರೆ ಅದೇ ಸಣ್ಣ ಎಂಜಿನ್ನು ಇಂದು ಬೇರೆ ಬೇರೆ ವೇಷಗಳಲ್ಲಿ ನಮ್ಮ ಹೊಲಗದ್ದೆಗಳಿಗೆ ಬಂದಿದೆ. ಕಬ್ಬಿನ ಸಾಲಿನಲ್ಲಿ ಕಳೆ ತೆಗೆಯುವ ಯಂತ್ರ, ತೆಂಗಿನ ತೋಟದಲ್ಲಿ ಹೆಗಲಿಗೆ ಹಾಕಿಕೊಂಡು ಹುಲ್ಲು ಸವರುವ ಯಂತ್ರ, ಔಷಧಿ ಹೊಡೆಯುವ ಯಂತ್ರ, ನೀರೆತ್ತುವ ಸಣ್ಣ ಪಂಪು, ಎಲ್ಲದರ ಒಳಗೂ ಇರುವ ಜೀವ ಒಂದೇ. ಕೂಲಿಯಾಳು ಸಿಗದ ದಿನ ಇವುಗಳಲ್ಲೊಂದು ಕೈಕೊಟ್ಟರೆ ರೈತನಿಗೆ ಆಗುವುದು ಒಂದು ದಿನದ ನಷ್ಟವಲ್ಲ. ಹದ ತಪ್ಪಿದ ನಷ್ಟ. ಇನ್ನು ಎಷ್ಟೋ ಕಚೇರಿ, ಶಾಲೆ, ಉದ್ಯಾನಗಳ ಉಗ್ರಾಣಗಳಲ್ಲಿ ಚಿಕ್ಕ ದೋಷದ ಯಂತ್ರಗಳು "ನಿರುಪಯುಕ್ತ" ಎಂಬ ಷರಾ ಬರೆಸಿಕೊಂಡು ಧೂಳು ಹೊದ್ದು ಮಲಗಿರುತ್ತವೆ. ಆ ಒಂದು ಪದವನ್ನು ಬರೆಯುವ ಮುನ್ನ ಕಾಲು ಗಂಟೆ ಪರೀಕ್ಷೆ ನಡೆದಿರುವುದೇ ಅಪರೂಪ.

ಪರೀಕ್ಷೆಯೆಂದರೆ ಏನು? ಸಾಮಾನ್ಯವಾಗಿ ನಾವು ಮಾಡುವುದು ಪರೀಕ್ಷೆಯಲ್ಲ, ಸಿಟ್ಟು. ತೋಳು ಬೀಳುವವರೆಗೆ ಹಗ್ಗವನ್ನು ಎಳೆಯುತ್ತೇವೆ. ಆಮೇಲೆ ಒಂದೇ ಸಲಕ್ಕೆ ಪ್ಲಗ್ಗನ್ನೂ ಬದಲಿಸಿ, ಕಾರ್ಬೊರೇಟರಿನ ತಿರುಪುಗಳನ್ನೂ ತಿರುಗಿಸಿ, ಹೊಸ ಪೆಟ್ರೋಲನ್ನೂ ಸುರಿಯುತ್ತೇವೆ. ದೈವವಶದಿಂದ ಯಂತ್ರ ಹೊರಟಿತೆನ್ನೋಣ. ಯಾವುದರಿಂದ ಹೊರಟಿತೆಂದು ತಿಳಿಯದು. ಹೊರಡಲಿಲ್ಲವೆನ್ನೋಣ, ಹಳೆಯ ದೋಷದ ಜೊತೆಗೆ ನಾವೇ ಸೇರಿಸಿದ ಹೊಸ ದೋಷವೂ ಉಳಿಯಿತು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಫಲವನ್ನು ನೋಡಿ ಮುಂದಕ್ಕೆ ಹೋಗಬೇಕು. ಈ ಕೆಲಸಕ್ಕೆ ಇದೇ ಮೂಲಸೂತ್ರ.

ಎಂಜಿನ್ನು ಬೇಡುವುದು ನಾಲ್ಕನ್ನು ಮಾತ್ರ: ಒಳ್ಳೆಯ ಪೆಟ್ರೋಲು, ಅದಕ್ಕೆ ತಕ್ಕ ಗಾಳಿ, ಇವೆರಡರ ಮಿಶ್ರಣವನ್ನು ಅದುಮುವ ಒತ್ತಡ, ಸರಿಯಾದ ಕ್ಷಣಕ್ಕೆ ಒಂದು ಕಿಡಿ. ತೂಕದಲ್ಲಿ ಒಂದು ಪಾಲು ಪೆಟ್ರೋಲು ಪೂರ್ಣವಾಗಿ ಉರಿಯಲು ಹೆಚ್ಚುಕಡಿಮೆ ಹದಿನೈದು ಪಾಲು ಗಾಳಿ ಬೇಕು. ನಾಲ್ಕರಲ್ಲಿ ಒಂದು ತಪ್ಪಿದರೂ ಉಳಿದ ಮೂರು ವ್ಯರ್ಥ. ಆದುದರಿಂದ "ಯಂತ್ರ ಕೆಟ್ಟಿದೆ" ಎಂಬುದು ಉತ್ತರವೇ ಅಲ್ಲ, "ನಾಲ್ಕರಲ್ಲಿ ಯಾವುದು ಇಲ್ಲ?" ಎಂಬುದೇ ಪ್ರಶ್ನೆ.

ಮೊದಲು ಪೆಟ್ರೋಲು. ತೊಟ್ಟಿಯಲ್ಲಿ ಇದೆಯೇ, ಕಾಕ್ ತೆರೆದಿದೆಯೇ ಎಂದು ನೋಡುವುದನ್ನು ಅವಮಾನವೆಂದು ಯಾರೂ ಎಣಿಸಬಾರದು. ಇದ್ದರೆ, ಅದು ಎಷ್ಟು ದಿನದ್ದು? ತಿಂಗಳುಗಟ್ಟಲೆ ನಿಂತ ಪೆಟ್ರೋಲಿನಲ್ಲಿ ಬೇಗ ಹೊತ್ತುವ ಅಂಶ ಹಾರಿಹೋಗಿ ಉಳಿದದ್ದು ಅಂಟಾಗುತ್ತದೆ. ಆ ಅಂಟು ಕಾರ್ಬೊರೇಟರಿನ ಕೂದಲೆಳೆಯಂಥ ರಂಧ್ರವನ್ನು ಮುಚ್ಚುತ್ತದೆ. ಇದಕ್ಕೆ ಈಗ ಇನ್ನೊಂದು ಕಾರಣ ಕೂಡಿದೆ. ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು 2023ರಿಂದ ನಮ್ಮ ಬಂಕುಗಳಿಗೆ ಬರತೊಡಗಿ ಈಗ ಸಾಮಾನ್ಯವಾಗಿದೆ. ಎಥನಾಲ್ ಕಬ್ಬಿನಿಂದಲೂ ಧಾನ್ಯದಿಂದಲೂ ಆಗುತ್ತದೆ. ಕಬ್ಬು ಬೆಳೆಯುವ ನಮ್ಮ ಸೀಮೆಗೆ ಅದು ಪರಕೀಯವಲ್ಲ. ಆದರೆ ಅದು ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿಮೀರಿದರೆ ನೀರೂ ಎಥನಾಲೂ ಕೂಡಿ ತಳಕ್ಕೆ ಇಳಿಯುತ್ತವೆ. ಹಳೆಯ ಯಂತ್ರಗಳ ರಬ್ಬರು ಕೊಳವೆ, ವಾಷರುಗಳನ್ನೂ ಅದು ಮೆತ್ತಗೆ ಮಾಡಬಲ್ಲದು. ಸ್ವಲ್ಪ ಪೆಟ್ರೋಲನ್ನು ಸ್ವಚ್ಛವಾದ ಗಾಜಿನ ಸೀಸೆಗೆ ಹಿಡಿದು ನಿಲ್ಲಗೊಟ್ಟರೆ ತಳದ ಪದರ ತಾನೇ ಸಾಕ್ಷಿ ಹೇಳುತ್ತದೆ. ಮಳೆಗಾಲ ಮುಗಿದು ಯಂತ್ರವನ್ನು ಎತ್ತಿಡುವಾಗ ತೊಟ್ಟಿಯನ್ನು ಬರಿದು ಮಾಡಿದರೆ ಈ ತಾಪತ್ರಯದ ಬಹುಪಾಲು ಹುಟ್ಟುವುದೇ ಇಲ್ಲ.

ಎರಡನೆಯದು ಕಿಡಿ. ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಹತ್ತಾರು ಸಲ ಎಳೆದ ಮೇಲೂ ಅದರ ತುದಿ ಒಣಗಿದ್ದರೆ ಪೆಟ್ರೋಲು ಒಳಗೆ ಬರುತ್ತಿಲ್ಲ. ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ. ಕಿಡಿ ಇಲ್ಲ, ಇಲ್ಲವೆ ಚೋಕ್ ಹಾಕಿ ಹೆಚ್ಚು ಎಳೆದು ಮುಳುಗಿಸಿದ್ದೇವೆ. ಕರಿ ಮಸಿ ದಪ್ಪವಾಗಿ ಕಟ್ಟಿದ್ದರೆ ಗಾಳಿ ಸಾಲದು. ಗಾಳಿ ಸೋಸುವ ಫಿಲ್ಟರನ್ನು ನೋಡಬೇಕು. ಪ್ಲಗ್ಗನ್ನು ಒರಸಿ, ತುದಿಯ ಸಂದನ್ನು ಯಂತ್ರದ ಕೈಪಿಡಿ ಹೇಳುವ ಅಳತೆಗೆ, ಬಹುಮಟ್ಟಿಗೆ 0.7 ಮಿಲಿಮೀಟರಿನ ಆಸುಪಾಸಿಗೆ, ತಂದು, ತಂತಿ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗವನ್ನು ಎಳೆದರೆ ಕಿಡಿ ಕಾಣಬೇಕು. ಚೆಲ್ಲಿದ ಪೆಟ್ರೋಲನ್ನು ಮೊದಲು ಒರಸಿ ಆರಗೊಟ್ಟು, ಪ್ಲಗ್ಗಿನ ರಂಧ್ರದಿಂದ ದೂರದಲ್ಲಿ, ಬಯಲಿನಲ್ಲಿ ಇದನ್ನು ಮಾಡಬೇಕು. ಬೀಡಿ ಸೇದುವವರನ್ನು ಹತ್ತಿರ ಬಿಡಕೂಡದು. ಕಿಡಿ ಕಾಣದಿದ್ದರೆ ನಿಲ್ಲಿಸುವ ಸ್ವಿಚ್ಚಿನ ತಂತಿ ಎಲ್ಲಾದರೂ ಲೋಹಕ್ಕೆ ತಾಗಿದೆಯೇ ಎಂದು ನೋಡಬೇಕು. ಬಹಳ ಹಳೆಯ ಯಂತ್ರವಾದರೆ ಚಕ್ರದ ಕೆಳಗಿನ ಪಾಯಿಂಟುಗಳು ಕಿಲುಬು ಹಿಡಿದಿರಬಹುದು.

ಮೂರನೆಯದು ಒತ್ತಡ. ಹಗ್ಗ ಎಳೆದಾಗ ಕೈಗೆ ಎದುರು ಬಲ ತಾಗಬೇಕು. ಬಾವಿಯ ಬರಿಯ ಹಗ್ಗದಂತೆ ಸಲೀಸಾಗಿ ಬಂದರೆ ವಾಲ್ವು ಕಚ್ಚಿಕೊಂಡಿದೆ, ಇಲ್ಲವೆ ರಿಂಗು ಸವೆದಿದೆ. ಅದು ಕಾರ್ಖಾನೆಗೆ ಹೋಗಬೇಕಾದ ಕೆಲಸ. ಅಲಗು ಕಲ್ಲಿಗೆ ಬಡಿದ ಮೇಲೆ ಯಂತ್ರ ನಿಂತಿದ್ದು, ಎಳೆದಾಗ ಹಗ್ಗವನ್ನು ಹಿಂದಕ್ಕೆ ಜಗ್ಗಿದರೆ, ಚಕ್ರವನ್ನು ಹಿಡಿದಿಡುವ ಸಣ್ಣ ಕೀಲಿ ಕತ್ತರಿಸಿ ಕಿಡಿ ಹೊತ್ತು ತಪ್ಪಿ ಬರುತ್ತಿರಬಹುದು. ಎರಡು ಹೊಡೆತದ ಎಂಜಿನ್ನಾದರೆ ಪೆಟ್ರೋಲಿಗೆ ಎಣ್ಣೆ ಬೆರೆಸಿದೆಯೇ ಎಂಬ ಪ್ರಶ್ನೆಯೂ ಉಂಟು: ಐವತ್ತಕ್ಕೆ ಒಂದು ಎಂದಿದ್ದರೆ ಲೀಟರಿಗೆ 20 ಮಿಲಿಲೀಟರು, ನಲವತ್ತಕ್ಕೆ ಒಂದು ಎಂದಿದ್ದರೆ 25. ಅಂದಾಜಿನಲ್ಲಿ ಸುರಿಯುವುದು ಪಿಸ್ಟನ್ನಿಗೆ ಮೃತ್ಯು. ಎಲ್ಲಕ್ಕಿಂತ ಮಿಗಿಲಾಗಿ, ಅಲಗಿನ ಬಳಿ ಕೈ ಹಾಕುವ ಮುನ್ನ ಪ್ಲಗ್ಗಿನ ತಂತಿಯನ್ನು ಕಳಚಲೇಬೇಕು. ಸತ್ತಂತೆ ತೋರುವ ಯಂತ್ರ ಅಲಗು ತಿರುಗಿಸಿದ ಮಾತ್ರಕ್ಕೆ ಬದುಕಿ ಬೆರಳನ್ನು ಬಲಿ ಕೇಳಬಹುದು.

ಈಗ ಒಂದು ಸೂಕ್ಷ್ಮ ಪರೀಕ್ಷೆ. ಕಿಡಿ ಇದೆ, ಒತ್ತಡ ಇದೆ, ಪ್ಲಗ್ಗು ಮಾತ್ರ ಒಣಗಿದೆ. ಪ್ಲಗ್ಗಿನ ರಂಧ್ರದೊಳಕ್ಕೆ ನಾಲ್ಕಾರು ಹನಿ ಪೆಟ್ರೋಲು ಬಿಟ್ಟು, ಪ್ಲಗ್ಗನ್ನು ಬಿಗಿದು, ಎಳೆಯಿರಿ. ಎಂಜಿನ್ನು ಎರಡು ಕ್ಷಣ ಗುಡುಗಿ ಸುಮ್ಮನಾದರೆ ತೀರ್ಪು ಸಿಕ್ಕಿತು: ಕಿಡಿ, ಒತ್ತಡಗಳು ನಿರ್ದೋಷಿಗಳು, ತೊಟ್ಟಿಗೂ ಸಿಲಿಂಡರಿಗೂ ನಡುವಣ ದಾರಿಯೇ ಅಪರಾಧಿ. ಇದು ಇದ್ದರೆ ಅದು ಇದೆ, ಇದು ಇಲ್ಲದಿದ್ದರೆ ಅದು ಇಲ್ಲ ಎಂದು ಕಾರಣವನ್ನು ಗೊತ್ತುಮಾಡುವ ಈ ಕ್ರಮಕ್ಕೆ ನಮ್ಮ ಶಾಸ್ತ್ರಕಾರರು ಅನ್ವಯ-ವ್ಯತಿರೇಕ ಎಂದು ಹೆಸರಿಟ್ಟಿದ್ದಾರೆ. ಹೆಸರು ತರ್ಕದ ಪುಸ್ತಕದಲ್ಲಿದೆ. ಕೆಲಸ ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ನಡೆಯುತ್ತಿದೆ.

ಸೋಸಲೆಯ ಹೆಸರು ಹೇಳಿ ತರ್ಕವನ್ನು ಮರೆಯುವಂತಿಲ್ಲ. ವ್ಯಾಸರಾಜ ಮಠದಿಂದ ಈ ಊರು ಪ್ರಸಿದ್ಧ. ಆ ಪರಂಪರೆಯ ವ್ಯಾಸತೀರ್ಥರು ಇದೇ ತಾಲ್ಲೂಕಿನ ಬನ್ನೂರಿನಲ್ಲಿ ಜನಿಸಿ, ವಿಜಯನಗರದ ಕಾಲದಲ್ಲಿ 'ತರ್ಕತಾಂಡವ', 'ನ್ಯಾಯಾಮೃತ'ಗಳಂಥ ಗ್ರಂಥಗಳನ್ನು ಬರೆದವರು. ಯಾವುದನ್ನು ಪ್ರಮಾಣವೆನ್ನಬೇಕು, ಹೇತುವಿನಲ್ಲಿ ದೋಷ ಹೇಗೆ ಹೊಗುತ್ತದೆ ಎಂಬುದನ್ನು ಇಷ್ಟು ನಿಷ್ಠುರವಾಗಿ ವಿಚಾರಿಸಿದ ನೆಲ ಇದು. ಬೆಟ್ಟದ ಮೇಲಿನ ಹೊಗೆಯಿಂದ ಬೆಂಕಿಯನ್ನು ಊಹಿಸುವ ಉದಾಹರಣೆಯನ್ನು ನಮ್ಮ ವಿದ್ಯಾರ್ಥಿ ಬಾಯಿಪಾಠ ಮಾಡಿ ಅಂಕ ಗಳಿಸುತ್ತಾನೆ. ಸೈಲೆನ್ಸರಿನ ಕರಿಹೊಗೆಯಿಂದ ಗಾಳಿಯ ಕೊರತೆಯನ್ನೂ, ನೀಲಿಹೊಗೆಯಿಂದ ಎಣ್ಣೆ ಉರಿಯುವುದನ್ನೂ ಊಹಿಸುವಾತನನ್ನು ಮಾತ್ರ "ಓದದವನು" ಎನ್ನುತ್ತಾನೆ. ಇಬ್ಬರಲ್ಲಿ ತಾರ್ಕಿಕನು ಯಾರು?

ಇಲ್ಲಿಯೇ ನಮ್ಮ ಹಳೆಯ ರೋಗ ಕಾಣುವುದು. ಓದನ್ನು ಕೆಲವರಿಗೂ ಕೈಕೆಲಸವನ್ನು ಕೆಲವರಿಗೂ ಹುಟ್ಟಿನಿಂದಲೇ ಹಂಚಿದ ಸಮಾಜದಲ್ಲಿ, ಓದಿದವನಿಗೆ ವಸ್ತುವಿನ ಪರಿಚಯ ತಪ್ಪಿತು. ಕೈಯವನಿಗೆ ಅಕ್ಷರವೂ ಗೌರವವೂ ತಪ್ಪಿದವು. ಗಾಂಧೀಜಿಯವರು 1937ರಲ್ಲಿ ವಾರ್ಧಾ ಸಮ್ಮೇಳನದಲ್ಲಿ ಕಸುಬಿನ ಮೂಲಕ ಶಿಕ್ಷಣವೆಂಬ ಯೋಜನೆಯನ್ನು ಮುಂದಿಟ್ಟದ್ದು ಈ ರೋಗಕ್ಕೆ ಔಷಧಿಯಾಗಿಯೇ. ನಾವು ಅವರ ಭಾವಚಿತ್ರವನ್ನು ಗೋಡೆಗೆ ಹಾಕಿದೆವು; ಔಷಧಿಯನ್ನು ಸೀಸೆಯಲ್ಲೇ ಬಿಟ್ಟೆವು.

ಎರಡು ಆಕ್ಷೇಪಗಳಿಗೆ ಉತ್ತರ ಹೇಳಬೇಕು. ಎಲ್ಲರೂ ರಿಪೇರಿ ಕಲಿತರೆ ಮೆಕ್ಯಾನಿಕ್ಕಿನ ಹೊಟ್ಟೆಯ ಗತಿಯೇನು ಎಂಬುದು ಮೊದಲನೆಯದು. ವೈದ್ಯನ ಕೆಲಸ ಕೆಡಬಾರದೆಂದು ಯಾರೂ ನೆಗಡಿಗೆ ಕಷಾಯ ಕುಡಿಯುವುದನ್ನು ಬಿಟ್ಟಿಲ್ಲ. ಕೆಲಸ ಬಲ್ಲ ಗಿರಾಕಿ ಮೆಕ್ಯಾನಿಕ್ಕಿನ ಶ್ರಮದ ಬೆಲೆಯನ್ನು ಬಲ್ಲನು. ಬಲ್ಲದವನೇ ಎರಡು ರೂಪಾಯಿಗೆ ಜಗ್ಗಾಡುವವನು. ಪೆಟ್ರೋಲ್ ಎಂಜಿನ್ನಿನ ಕಾಲವೇ ಮುಗಿಯುತ್ತಿದೆ, ಬ್ಯಾಟರಿಯ ಯಂತ್ರ ಬಂದಿದೆ ಎಂಬುದು ಎರಡನೆಯದು. ಬರಲಿ, ಹೊಗೆಯೂ ಸದ್ದೂ ತಗ್ಗುವುದು ಒಳ್ಳೆಯದೇ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರ ಮಾದರಿಗಳಿಂದ ಇಂಥ ಬಹುತೇಕ ಹೊಸ ಸಣ್ಣ ಎಂಜಿನ್ನುಗಳು ಹೊಗೆ ಉಗುಳಕೂಡದೆಂದು ಕಟ್ಟುಮಾಡಿದೆ. ಆದರೆ ಬ್ಯಾಟರಿಯ ಯಂತ್ರವೂ ಒಂದು ದಿನ ನಿಲ್ಲುತ್ತದೆ. ಅಂದು ಪ್ರಶ್ನೆಗಳು ಬೇರೆಯಾಗುತ್ತವೆ. ಪ್ರಶ್ನಿಸುವ ಕ್ರಮ ಬೇರೆಯಾಗುವುದಿಲ್ಲ.

ಆದುದರಿಂದ ನನ್ನ ಸೂಚನೆ ಸರಳವಾದುದು. ಪ್ರತಿಯೊಂದು ಕಲಾ ಕಾಲೇಜೂ ವಾರಕ್ಕೆ ಒಂದು ಮಧ್ಯಾಹ್ನವನ್ನು ಕೆಟ್ಟ ವಸ್ತುಗಳಿಗಾಗಿ ಮೀಸಲಿಡಲಿ. ಊರಿನ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿ, ಅಧ್ಯಾಪಕರಿಗೆ ಹಾಕುವ ಕುರ್ಚಿಯನ್ನೇ ಅವರಿಗೂ ಹಾಕಿ, ಸಂಭಾವನೆ ಕೊಟ್ಟು ಪಾಠ ಹೇಳಿಸಲಿ. ಯಾವ ಲಕ್ಷಣ ಕಂಡಿತು, ಏನನ್ನು ಶಂಕಿಸಿದೆವು, ಯಾವುದನ್ನು ಪರೀಕ್ಷಿಸಿದೆವು, ಏನು ಸಿಕ್ಕಿತು ಎಂದು ವಿದ್ಯಾರ್ಥಿಗಳು ಶುದ್ಧ ಕನ್ನಡದಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಲಿ. ಹತ್ತು ವರ್ಷದಲ್ಲಿ ಅದು ನಮ್ಮ ಹೊಲದ ಯಂತ್ರಗಳಿಗೆ ಒಂದು ಕನ್ನಡ ವೈದ್ಯಗ್ರಂಥವಾದೀತು. "ನಿರುಪಯುಕ್ತ" ಎಂದು ಷರಾ ಬರೆಯುವ ಕುರ್ಚಿಗಳಿಗೆ ನಾಳೆ ಹೋಗಿ ಕೂರುವವರು ನಮ್ಮಲ್ಲಿಯೇ ಹಲವರು. ಆ ಪದವನ್ನು ಬರೆಯುವ ಮುನ್ನ ಪ್ಲಗ್ಗನ್ನು ಬಿಚ್ಚಿ ನೋಡುವ ಅಭ್ಯಾಸ ಇಂದೇ ಬೆಳೆದರೆ, ಉಳಿಯುವುದು ಯಂತ್ರವೊಂದೇ ಅಲ್ಲ.