ಬಸ್ ನಿಲ್ದಾಣದ ಗೋಡೆಗೆ ಬಂದ ತಪ್ಪು ಹಕ್ಕಿ

ನಮ್ಮೂರ ಬಸ್ ನಿಲ್ದಾಣದ ಕಾಂಪೌಂಡಿಗೆ ಹೊಸ ಬಣ್ಣ ಬಂದಿದೆ. ಪೋಸ್ಟರ್ ಅಂಟಿಸುವವರ ಕಾಟ ತಪ್ಪಲಿ, ಮಕ್ಕಳಿಗೂ ನಾಲ್ಕು ವಿಷಯ ತಿಳಿಯಲಿ ಎಂದು ರಾಜ್ಯದ ಪ್ರಾಣಿ, ಪಕ್ಷಿ, ಹೂವು, ಮರಗಳ ಚಿತ್ರ ಬರೆಸಿದ್ದಾರೆ. ಯೋಚನೆ ಒಳ್ಳೆಯದೇ. ಆನೆ ಆನೆಯ ಹಾಗೇ ಇದೆ. ಶ್ರೀಗಂಧದ ಮರಕ್ಕೂ ಮೋಸವಿಲ್ಲ. ಕೈಕೊಟ್ಟಿರುವುದು ಹಕ್ಕಿ!

'ರಾಜ್ಯ ಪಕ್ಷಿ ನೀಲಕಂಠ' ಎಂದು ದಪ್ಪಕ್ಷರದಲ್ಲಿ ಬರೆದು, ಮೇಲೆ ಕೂರಿಸಿರುವುದು ಮಿಂಚುಳ್ಳಿಯನ್ನು. ಉದ್ದ ಕೊಕ್ಕು, ಬಾಯಲ್ಲೊಂದು ಮೀನು ಬೇರೆ! ನೀಲಕಂಠದ ಊಟ ಮಿಡತೆ, ಜೀರುಂಡೆ ಸ್ವಾಮೀ. ಪಕ್ಕದ ಕಮಲದ್ದೂ ಅದೇ ಕಥೆ. ಎಲೆಗೆ ಸೀಳು ಬರೆದಿದ್ದಾರೆ. ಸೀಳೆಲೆ ಇರುವುದು ನೈದಿಲೆಗೆ. ತಾವರೆ ಎಲೆ ತಟ್ಟೆಯ ಹಾಗೆ ದುಂಡಗೆ, ನೀರಿನಿಂದ ಮೇಲೂ ಎದ್ದು ನಿಲ್ಲುತ್ತೆ.

ಬರೆದವರನ್ನು ಬೈದು ಫಲವಿಲ್ಲ. ಹೆಸರೇ ಮೋಸ ಮಾಡುತ್ತೆ. ನೀಲಕಂಠದ ಕತ್ತು ನೀಲಿಯಲ್ಲ, ಕಂದು. ತಂತಿ ಮೇಲೆ ಸುಮ್ಮನೆ ಕೂತಾಗ ಯಾರೂ ತಿರುಗಿ ನೋಡಲ್ಲ. ರೆಕ್ಕೆ ಬಿಚ್ಚಿದಾಗ ನೋಡಬೇಕು ಅದರ ಎರಡು ನೀಲಿ! ಹಳ್ಳಿ ಬಸ್ಸಿನ ಕಿಟಕಿ ಪಕ್ಕ ಕೂರುವವರು ದಿನಾ ನೋಡಿರುತ್ತಾರೆ, ಹೆಸರು ಕೇಳಿರೋದಿಲ್ಲ.

ಇನ್ನು ಕೆಲವರಿಗೆ ಗಂಡಭೇರುಂಡವೇ ರಾಜ್ಯ ಪಕ್ಷಿ. ಅಲ್ಲ, ಅದು ಸರ್ಕಾರದ ಲಾಂಛನ. ಈ ಎರಡು ತಲೆ ಹಕ್ಕಿಗೆ ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವಿಯಲ್ಲಿ 1047ರಲ್ಲೇ ಕಂಬ ನಿಲ್ಲಿಸಿದ್ದರು.

ಗಡಿ ದಾಟುವ ಬಸ್ ಹತ್ತಿದರೆ ಪಟ್ಟಿ ಬದಲಾಗುತ್ತೆ. ಕೇರಳಕ್ಕೆ ದೊಡ್ಡ ಮಂಗಟ್ಟೆ ಹಕ್ಕಿ, ಹೂವು ನಮ್ಮ ಕಕ್ಕೆ. ತೆಲಂಗಾಣದವರು ನಮ್ಮ ನೀಲಕಂಠವನ್ನೇ 'ಪಾಲಪಿಟ್ಟ' ಎನ್ನುತ್ತಾರೆ, ಅವರಿಗೂ ಅದೇ ರಾಜ್ಯ ಪಕ್ಷಿ. ಹೂವು ಬತುಕಮ್ಮ ಹಬ್ಬಕ್ಕೆ ಜೋಡಿಸುವ ತಂಗಡಿ. ಆಂಧ್ರಕ್ಕೂ ಮೊದಲು ನೀಲಕಂಠವೇ ಇತ್ತು, 2018ರಲ್ಲಿ ಗಿಳಿಗೆ ಬದಲಾಯಿಸಿಕೊಂಡರು.

ನಗುವ ವಿಷಯ ಇಷ್ಟೇ. ವಿಜಯದಶಮಿ ದಿನ ನೀಲಕಂಠ ಕಂಡರೆ ಶುಭ ಎಂಬ ನಂಬಿಕೆ ಹಲವು ಕಡೆ ಇದೆ. ಅದಕ್ಕಾಗಿ ಹಕ್ಕಿ ಹಿಡಿದು, ಪಂಜರದಲ್ಲಿಟ್ಟು, ಕಾಸಿಗೆ ತೋರಿಸುವವರೂ ಇದ್ದಾರೆ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ. ಇತ್ತ 2023ರಲ್ಲಿ ಬಂದ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ, ಹನ್ನೆರಡು ವರ್ಷದಲ್ಲಿ ನೀಲಕಂಠ ಸುಮಾರು ಶೇ. 30ರಷ್ಟು ಕಡಿಮೆಯಾಗಿದೆ ಎಂದಿದೆ. ಇದು ಮೊಟ್ಟೆ ಇಡುವುದು ಮರದ ಪೊಟರೆಯಲ್ಲಿ. ರಸ್ತೆ ಅಗಲವಾದಾಗ ಮೊದಲು ಉರುಳುವುದು ಅಂಥ ಹಳೇ ಮರಗಳೇ. ಹೊಲಕ್ಕೆ ಔಷಧಿ ಹೊಡೆದರೆ ಮಿಡತೆಯೂ ಇಲ್ಲ.

ಸಂಬಂಧಪಟ್ಟವರಲ್ಲಿ ನಮ್ಮ ಬೇಡಿಕೆ ಎರಡೇ. ಅರ್ಧ ಡಬ್ಬಿ ಬಣ್ಣ ಕೊಡಿಸಿ, ಆ ಮೀನು ಅಳಿಸಿ, ಸರಿಯಾದ ಹಕ್ಕಿ ಬರೆಸಿ. ಶಾಲೆ ಮಕ್ಕಳು ಬಸ್ಸಿಗೆ ಕಾಯುತ್ತಾ ಓದುವ ಗೋಡೆ ಅದು. ಎರಡನೆಯದು, ರಸ್ತೆ ಬದಿ ಮರಕ್ಕೆ ನಂಬರ್ ಬರೆಯುವ ಮುನ್ನ ಪೊಟರೆಯಲ್ಲಿ ಯಾರಿದ್ದಾರೆ ಅಂತ ಒಮ್ಮೆ ತಲೆಯೆತ್ತಿ ನೋಡಿ. ನಾಳೆ ಮಕ್ಕಳು ನಿಜವಾದ ನೀಲಕಂಠ ಎಲ್ಲಿದೆ ಎಂದು ಕೇಳಿದರೆ ತೋರಿಸಲು ಗೋಡೆಯೊಂದೇ ಉಳಿಯಬಾರದು.