ಬೆದೆಗಾಲದ ಜಿಂಕೆ

ಮಂಡ್ಯದ ಬಳಿಯ ಯಲಿಯೂರಿನ ಸುತ್ತ ಇಂದು ಕಣ್ಣಿಗೆ ಬೀಳುವುದು ಕಬ್ಬು, ಭತ್ತ ಮತ್ತು ತೆಂಗು. ಜಿಂಕೆಯನ್ನು ನೋಡಬಯಸುವವರು ಮದ್ದೂರು, ಮಳವಳ್ಳಿಗಳನ್ನು ದಾಟಿ, ಹಲಗೂರಿನ ಮೇಲೆ ಹಾಯ್ದು, ಮುತ್ತತ್ತಿಯ ಕಾಡಿಗೆ ಇಳಿಯಬೇಕು. 1987ರಲ್ಲಿ ವನ್ಯಧಾಮವೆಂದು ಸಾರಲಾದ ಕಾವೇರಿ ತೀರದ ಕಾಡು ಅದು. ಬೇಸಗೆಯ ಮುಂಜಾನೆ ಅಲ್ಲಿ ಮರಗಳ ನಡುವಿನಿಂದ ಒರಟಾದ, ದೀರ್ಘವಾದ ಕೂಗೊಂದು ಮತ್ತೆ ಮತ್ತೆ ಕೇಳಿಬಂದರೆ ಬೆದರಬೇಕಾದುದಿಲ್ಲ. ಅದು ಬೆದೆಗೆ ಬಂದ ಗಂಡು ಚುಕ್ಕೆಜಿಂಕೆಯ ಕರೆ.

ದನದ ಕೊಂಬಿನಂತೆ ಜಿಂಕೆಯ ಕವಲುಕೊಂಬು ಬಾಳಿನುದ್ದಕ್ಕೂ ನಿಲ್ಲುವಂಥದಲ್ಲ. ಅದು ಉದುರಿ ಮತ್ತೆ ಚಿಗುರುತ್ತದೆ. ಬೆಳೆಯುವಾಗ ಅದರ ಮೇಲೆ ಮಕಮಲ್ಲಿನಂಥ ಮೆತ್ತನೆಯ ತೊಗಲಿದ್ದು, ಒಳಗೆ ನೆತ್ತರು ಹರಿಯುತ್ತಿರುತ್ತದೆ. ಬೆಳವಣಿಗೆ ತುಂಬಿದೊಡನೆ ತೊಗಲು ಒಣಗುತ್ತದೆ. ಪ್ರಾಣಿ ಅದನ್ನು ಮರಕ್ಕೆ ಉಜ್ಜಿ ಕಳಚುತ್ತದೆ. ಕೊಂಬು ಹೀಗೆ ಗಟ್ಟಿಯಾದ ಮೇಲೆಯೇ ಬೆದೆ. ಚುಕ್ಕೆಜಿಂಕೆಗಳಲ್ಲಿ ಒಂದೊಂದು ಗಂಡಿನ ಕಾಲವೂ ಬೇರೆಯಾದುದರಿಂದ ಯಾವ ತಿಂಗಳಲ್ಲಿಯೂ ಕೆಲವಾದರೂ ಸಿದ್ಧವಾಗಿರುತ್ತವೆ. ಆದರೆ ನಮ್ಮ ಸೀಮೆಯಲ್ಲಿ ಬೆದೆಯ ಭರ ಕಾಣುವುದು ಬೇಸಗೆಯಿಂದ ಮುಂಗಾರಿನ ಮೊದಲ ಮಳೆಗಳವರೆಗೆ.

ಆಗ ಗಂಡಿನ ನಡೆಯೇ ಬದಲಾಗುತ್ತದೆ. ಅದು ಒಂದೇ ಹಿಂಡನ್ನು ಕಟ್ಟಿಕೊಂಡು ಕಾಯುವುದಿಲ್ಲ. ಹಿಂಡಿನಿಂದ ಹಿಂಡಿಗೆ ಅಲೆಯುತ್ತ, ಮೂಗೆತ್ತಿ ಹೆಣ್ಣುಗಳ ವಾಸನೆಯನ್ನು ಅರಸುತ್ತದೆ. ಬೆದೆಗೆ ಬಂದ ಹೆಣ್ಣು ಸಿಕ್ಕಿತೆಂದರೆ ಅದರ ಬೆನ್ನು ಬಿಡದು. ಹಿಂಗಾಲುಗಳ ಮೇಲೆ ನಿಂತು ಮೇಲಿನ ಕೊಂಬೆಗೆ ಮುಖ ಉಜ್ಜುವುದು, ಹುಲ್ಲನ್ನು ಕೊಂಬಿನಿಂದ ಕಿತ್ತು ತಲೆಯ ಮೇಲೆ ಹೊತ್ತು ಮೆರೆಯುವುದು, ಎದುರಾಳಿಯ ಪಕ್ಕದಲ್ಲಿ ಸೆಟೆದು ನಡೆಯುವುದು, ಇವೆಲ್ಲ ಕಾದಾಟಕ್ಕೆ ಮುನ್ನಿನ ಬೆದರಿಕೆಗಳು. ಬಹುಮಟ್ಟಿಗೆ ಸಣ್ಣ ಗಂಡು ಇಷ್ಟಕ್ಕೇ ಹಿಮ್ಮೆಟ್ಟುತ್ತದೆ. ಸಮಬಲರಾದರೆ ಮಾತ್ರ ಕೊಂಬಿಗೆ ಕೊಂಬು ತಾಗುತ್ತದೆ.

ಕಡವೆಯ ರೀತಿ ಬೇರೆ. ಅದರ ಬೆದೆ ಹೆಚ್ಚಾಗಿ ಮಳೆಗಾಲ ಕಳೆದ ಮೇಲೆ, ಚಳಿ ಬೀಳುವ ದಿನಗಳಲ್ಲಿ. ಗಂಡು ಕೆಸರುಗುಂಡಿಯಲ್ಲಿ ಹೊರಳಿ, ಮೈಗೆಲ್ಲ ಕೆಸರು ಬಳಿದುಕೊಂಡು, ಮರದ ಕಾಂಡಗಳಿಗೆ ಕೊಂಬು ತಿಕ್ಕುತ್ತ ಇರುಳಿನಲ್ಲಿ ಸಂಚರಿಸುತ್ತದೆ.

ಹಳೆಯ ಈಡುಗಾರರಿಗೆ ಈ ಸಂಗತಿಗಳು ಬಾಯಿಪಾಠವಾಗಿದ್ದುವು. ಬೆದೆಗಾಲದ ಗಂಡಿಗೆ ಮೇವಿನ ಕಡೆ ಗಮನ ಕಡಿಮೆ, ಅಪಾಯದ ಕಡೆ ಇನ್ನೂ ಕಡಿಮೆ. ಉಳಿದ ದಿನಗಳಲ್ಲಿ ಎಲೆ ಅಲುಗಿದರೂ ನೆಗೆದೋಡುವ ಪ್ರಾಣಿ, ಆಗ ತಾನಾಗಿಯೇ ಕೂಗಿ ತನ್ನ ಇರವನ್ನು ಸಾರುತ್ತದೆ. ನೀರಿನ ದಂಡೆಯಲ್ಲಿ ಮರಸು ಕುಳಿತವನಿಗೆ ಅಷ್ಟೇ ಸಾಕಾಗಿತ್ತು. ಅವನ ಕಣ್ಣು ಮೊದಲು ಬೀಳುತ್ತಿದ್ದುದು ದೊಡ್ಡ ಕೊಂಬಿನ ಮೇಲೆ. ಗೋಡೆಗೇರಿದ ತಲೆಗಳೆಲ್ಲ ಹಿಂಡಿಗೆ ಒಳ್ಳೆಯ ಸಂತಾನ ಕೊಡಬಲ್ಲ ಗಂಡುಗಳವೇ ಆಗಿರುತ್ತಿದ್ದುವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ವಿನೋದಕ್ಕೆ ತೆರೆಯೆಳೆಯಿತು.

ಆದರೆ ಬೆದೆಯ ಮೈಮರೆವಿಗೆ ಕಾಯಿದೆಯಿಲ್ಲ. ಈಗ ಅದರ ಲಾಭ ಪಡೆಯುವುದು ಕಳ್ಳಬೇಟೆಗಾರನ ಉರುಳು, ಕಾಡಂಚಿನ ಊರನಾಯಿ ಮತ್ತು ವೇಗದ ಮೋಟಾರು. ಹೆಣ್ಣಿನ ಹಿಂದೆ ಓಡುವ ಗಂಡು ರಸ್ತೆಯ ಎರಡು ಬದಿಯನ್ನು ನೋಡುವುದಿಲ್ಲ. ಬಂಡೀಪುರದ ಕಾಡನ್ನು ಸೀಳುವ ಹೆದ್ದಾರಿಗಳಲ್ಲಿ, ಕೆಲವು ವಿನಾಯಿತಿಗಳೊಡನೆ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಸಂಚಾರವನ್ನು 2009ರಿಂದ ತಡೆದಿರುವುದು ಇಂಥ ಸಾವುಗಳನ್ನು ತಗ್ಗಿಸಲೆಂದೇ. ಉಳಿದ ಕಾಡುದಾರಿಗಳಲ್ಲಿ ಆ ಸಂಯಮ ಪ್ರಯಾಣಿಕರದೇ ಆಗಬೇಕು. ಒಂದು ಜಿಂಕೆ ದಾಟಿದರೆ ಕೂಡಲೇ ಮುಂದುವರಿಯದೆ ಅರೆಗಳಿಗೆ ತಡೆಯುವುದು ಲೇಸು. ಹಿಂದೆ ಮತ್ತೊಂದು ಬರುವ ಸಂಭವವುಂಟು.

ಇನ್ನೊಂದು ಎಚ್ಚರಿಕೆಯ ಮಾತು. ಪ್ರವಾಸಿಗರ ಕೈಯ ತಿಂಡಿಗೆ ಒಗ್ಗಿದ ಗಂಡುಜಿಂಕೆ ಸಾಧುವೆಂದು ಮಕ್ಕಳನ್ನು ಅದರ ಬಳಿಗೆ ಬಿಡಬಾರದು. ಮನುಷ್ಯನ ಭಯ ಕಳೆದುಕೊಂಡ ಗಂಡು, ಬೆದೆ ಏರಿದಾಗ ಅವನನ್ನೂ ಎದುರಾಳಿಯೆಂದೇ ಎಣಿಸಿ ಹಾಯುತ್ತದೆ. ಅದರ ಕೂಗನ್ನು ದೂರದಿಂದ ಕೇಳುವುದೇ ಚೆನ್ನ. ಕೇಳಲೂ ಪುಣ್ಯ ಬೇಕು: ಎಳೆಯ ಮಳೆಗೆ ಹುಲ್ಲು ಚಿಗುರುವ ಹೊತ್ತಿಗೆ ಆ ದನಿ ಎದ್ದಿತೆಂದರೆ, ಎಂಟು ತಿಂಗಳು ತುಂಬುವಷ್ಟರಲ್ಲಿ ಕಾಡಿನಲ್ಲಿ ಚುಕ್ಕೆಮೈಯ ಮರಿಗಳು ನಡೆದಾಡುತ್ತವೆ.